ಮೂರನೇ ಪೀರಿಯಡ್ಡು

ಸೆಂಗುಳಂ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಕಚೇರಿಯಲ್ಲಿ ಕರುಪ್ಪಯ್ಯ ಇಪ್ಪತ್ತೆರಡು ವರ್ಷದಿಂದ ಅಟೆಂಡರ್. ಟಪಾಲು ಹಂಚುವುದು, ಫೈಲು ಹೊರುವುದು, ಹನ್ನೊಂದಕ್ಕೂ ನಾಲ್ಕಕ್ಕೂ ಚಹಾ ತರುವುದು ಅವನ ಕೆಲಸ. ಲಕೋಟೆಯ ಮೇಲಿನ ಹೆಸರು ಓದುತ್ತಿದ್ದನೇ ಹೊರತು ಒಳಗೇನಿದೆ ಎಂದು ತಲೆ ಕೆಡಿಸಿಕೊಂಡವನಲ್ಲ. ಹೆಸರಿಗೆ ವಿಶ್ವವಿದ್ಯಾಲಯವಾದರೂ ಅಲ್ಲಿದ್ದದ್ದು ಆರುನೂರು ಮಕ್ಕಳು. ದೊಡ್ಡ ಪ್ರಯೋಗಾಲಯ, ಸಂಶೋಧನೆ ಅಂತ ಯಾವುದೂ ಇರಲಿಲ್ಲ. ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಕಲಿಸಿ, ಡಿಗ್ರಿ ಕೊಟ್ಟು ಕಳಿಸುವುದಷ್ಟೇ ಅದರ ಕೆಲಸ. ಯಾವ ಹುಡುಗಿ ಯಾವ ಬಸ್ಸಿಗೆ ಬರುತ್ತಾಳೆ, ಯಾವ ಹುಡುಗನ ಮನೆಯಲ್ಲಿ ಆಡು ಈದಿದೆ ಎಂಬುದೂ ಮೇಷ್ಟರುಗಳಿಗೆ ಗೊತ್ತಿರುತ್ತಿತ್ತು.

ಆ ಶುಕ್ರವಾರ ಕರುಪ್ಪಯ್ಯನ ಕೈಯಲ್ಲಿದ್ದ ಲಕೋಟೆಯ ಮೇಲೆ ಆರೋಕ್ಯಮೇರಿ ಎಂದು ಬರೆದಿತ್ತು. ಅವರು ಗಣಿತದ ಮ್ಯಾಡಂ. ಮೂರನೇ ಪೀರಿಯಡ್ಡು ನಡೆಯುತ್ತಿತ್ತು. ಕೊನೆಯ ವರ್ಷದ ಬಿ.ಎಸ್ಸಿ.ಯಲ್ಲಿ ಇದ್ದವರೇ ಹನ್ನೊಂದು ಮಂದಿ. ಕರುಪ್ಪಯ್ಯನ ಮಗಳು ಅಮುದಾ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಅವಳು ಬರೆದದ್ದನ್ನು ಹಿಂದಿನ ಬೆಂಚಿನ ಹುಡುಗನೊಬ್ಬ ತಪ್ಪು ಎನ್ನುತ್ತಿದ್ದ, ಅವಳು ಸರಿ ಎನ್ನುತ್ತಿದ್ದಳು. ಮ್ಯಾಡಂ ಕಿಟಕಿಗೆ ಒರಗಿ ಇಬ್ಬರನ್ನೂ ನೋಡುತ್ತ ಸುಮ್ಮನಿದ್ದರು.

ಕರುಪ್ಪಯ್ಯ ಬಾಗಿಲಲ್ಲಿ ಟಪಾಲು ಪುಸ್ತಕ ಚಾಚಿದ. ಮ್ಯಾಡಂ ಸಹಿ ಹಾಕಿ, ಲಕೋಟೆ ಒಡೆದು ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಕಾಗದವನ್ನು ಮಡಚಿ ಹಾಜರಿ ಪುಸ್ತಕದೊಳಗೆ ಇಟ್ಟರು.

"ಇನ್ನೂ ಹದಿನೆಂಟು ನಿಮಿಷ ಇದೆ," ಎಂದರು ಮಕ್ಕಳಿಗೆ. "ಜಗಳ ಮುಗಿಸಿ. ಯಾರು ಸರಿ?"

ಆ ಕಾಗದದಲ್ಲಿ ಏನಿದೆ ಎಂಬುದು ಈ ಸಲ ಮಾತ್ರ ಕರುಪ್ಪಯ್ಯನಿಗೆ ಗೊತ್ತಿತ್ತು. ವಿಶ್ವವಿದ್ಯಾಲಯ ನಡೆಸುವ ಟ್ರಸ್ಟಿನ ಅಧ್ಯಕ್ಷರ ತಂಗಿಯ ಮಗ ಎರಡನೇ ವರ್ಷದಲ್ಲಿದ್ದ. ಕಿರುಪರೀಕ್ಷೆಯಲ್ಲಿ ಅವನು ಹೆಸರು, ನಂಬರು ಬಿಟ್ಟು ಬೇರೇನೂ ಬರೆದಿರಲಿಲ್ಲ. ಮ್ಯಾಡಂ ಅವರನ್ನು ರಿಜಿಸ್ಟ್ರಾರ್ ಕರೆಸಿ, ಪಾಸು ಮಾಡಿಬಿಡಿ ಎಂದಿದ್ದರು. "ಹೆಸರು ಬರೆದದ್ದಕ್ಕೆ ಎಷ್ಟು ಮಾರ್ಕು ಕೊಡಲಿ ಸಾರ್, ನೀವೇ ಹೇಳಿ," ಎಂದು ಮ್ಯಾಡಂ ಕೇಳಿದಾಗ ಕರುಪ್ಪಯ್ಯ ಅಲ್ಲೇ ಚಹಾ ಲೋಟ ಇಡುತ್ತಿದ್ದ. ಮ್ಯಾಡಂ ಗುತ್ತಿಗೆಯ ಮೇಲೆ ಇದ್ದವರು. ಸೋಮವಾರದಿಂದ ಬರುವುದು ಬೇಡ ಎಂಬ ಕಾಗದ ಮೂರೇ ದಿನದಲ್ಲಿ ಟೈಪಾಯಿತು.

ಆ ಸಂಜೆ ಕ್ವಾರ್ಟರ್ಸಿನ ಮನೆಯಲ್ಲಿ ಪಂಜವರ್ಣಂ ಒಣಮೀನಿನ ಕುಳಂಬು ಮಾಡಿದ್ದಳು. ಅವಳು ಕರುಪ್ಪಯ್ಯನ ಹೆಂಡತಿ. ಇಡ್ಲಿ ಹಿಟ್ಟು ರುಬ್ಬಿ ಕ್ವಾರ್ಟರ್ಸಿನ ಮನೆಗಳಿಗೆ ಮಾರುವುದು ಅವಳ ದಿನದ ಕೆಲಸ. ಕರುಪ್ಪಯ್ಯ, ಅವನ ತಾಯಿ ವೆಳ್ಳೈಯಮ್ಮಾಳ್, ಮಗ ಮುನಿಯಾಂಡಿ ಮೂವರೂ ತಟ್ಟೆಯ ಮುಂದೆ ಕೂತಿದ್ದರು. ಮುನಿಯಾಂಡಿ ವಿಶ್ವವಿದ್ಯಾಲಯದ ಬಸ್ಸನ್ನು ದೇವಕೋಟೆಗೆ ಓಡಿಸುತ್ತಿದ್ದ.

ಅಮುದಾ ಬಂದವಳೇ ಚೀಲ ಕೆಳಗಿಟ್ಟಳು.

"ಆ ಕಾಗದ ಕೊಟ್ಟಿದ್ದು ನೀನು," ಎಂದಳು ಅಪ್ಪನಿಗೆ.

"ಕೊಡದೆ? ಟಪಾಲು ಕೊಡೋದೇ ನನ್ನ ಕೆಲಸ."

"ಏನೂ ಬರೀದ ಅಧ್ಯಕ್ಷರ ಹುಡುಗನ್ನ ಪಾಸು ಮಾಡಲಿಲ್ಲ ಅಂತ ಮ್ಯಾಡಂನ ತೆಗೆದರಂತೆ. ಒಳಗೆ ಏನಿದೆ ಅಂತ ಗೊತ್ತಿತ್ತಾ?"

ಕರುಪ್ಪಯ್ಯ ಅನ್ನ ಕಲಸಿದ. "ಗೊತ್ತಿದ್ದರೆ ಏನು ಮಾಡಬೇಕಿತ್ತು? ಬಾವಿಗೆ ಹಾಕಬೇಕಿತ್ತಾ?"

"ಹೇಳಬಹುದಿತ್ತು."

"ಯಾರಿಗೆ, ನಿನಗಾ? ನೀನೇನು ರಿಜಿಸ್ಟ್ರಾರಾ?"

"ಊಟಕ್ಕೆ ಕೂತ್ಕೊಳ್ಳೇ," ಎಂದಳು ಪಂಜವರ್ಣಂ. "ಮೇಷ್ಟರು ಬರ್ತಾರೆ, ಹೋಗ್ತಾರೆ. ಇನ್ನೊಬ್ಬರು ಬರ್ತಾರೆ."

"ಹನ್ನೆರಡನೇ ಕ್ಲಾಸಿನ ತನಕ ನನಗೆ ಗಣಿತ ಅಂದರೆ ಹೊಟ್ಟೆನೋವು ಬರ್ತಿತ್ತು ಅಮ್ಮ. ನಿನಗೇ ಗೊತ್ತು. ಆ ಮ್ಯಾಡಂ ಒಂದು ವರ್ಷ ದಿನಾ ಸಂಜೆ ನಿಂತು ನನಗೆ ಹೇಳಿಕೊಟ್ಟರು. ಇನ್ನೊಬ್ಬರು ಬರ್ತಾರಂತೆ."

ಮುನಿಯಾಂಡಿ ನಕ್ಕ. "ಹಂಗಾದರೆ ಮ್ಯಾಡಂ ಹಿಂದೇನೇ ಹೋಗಿಬಿಡು. ಚೀಲ ಹೊತ್ಕೊಂಡು."

"ನೀನು ಬಸ್ಸು ಓಡಿಸು, ನಾಲಿಗೆ ಓಡಿಸಬೇಡ."

ಅಜ್ಜಿ ವೆಳ್ಳೈಯಮ್ಮಾಳ್ ಮೀನಿನ ಮುಳ್ಳು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. "ಆ ಹುಡುಗ ಪೇಪರಲ್ಲಿ ಏನೂ ಬರೀಲಿಲ್ವಂತಾ?" ಎಂದು ಕೇಳಿದಳು.

"ಏನೂ ಇಲ್ಲ ಅಪ್ಪತ್ತಾ. ಹೆಸರು ಮಾತ್ರ."

"ನಮ್ಮಣ್ಣನೂ ಹೆಸರು ಮಾತ್ರ ಬರೀತಿದ್ದ. ಅವನಿಗೆ ಯಾವನೂ ಮಾರ್ಕು ಕೊಡಲಿಲ್ಲವಲ್ಲ," ಎಂದಳು ಮುದುಕಿ. ಅಮುದಾ ಮಾತ್ರ ಬಾಯಿ ಬಿಗಿದೇ ಇದ್ದಳು, ಉಳಿದವರಿಗೆ ನಗು ತಡೆಯಲಾಗಲಿಲ್ಲ. ಅಷ್ಟಕ್ಕೆ ಆ ದಿನದ ಜಗಳ ಮುಗಿಯಿತು ಎಂದುಕೊಂಡ ಕರುಪ್ಪಯ್ಯ.

ಸೋಮವಾರ ಹೊಸ ಮೇಷ್ಟರು ಬಂದರು. ಈಗಷ್ಟೇ ಓದು ಮುಗಿಸಿದ ಹುಡುಗ, ಶರ್ಟಿನ ಮಡಿಕೆ ಇನ್ನೂ ಹೋಗಿರಲಿಲ್ಲ. ನೋಟ್ಸ್ ಬರೆಸಲು ಶುರು ಮಾಡಿದಾಗ ಹನ್ನೊಂದು ಮಂದಿಯೂ ಪುಸ್ತಕ ಮುಚ್ಚಿದರು. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿ ಸಾರ್ ಎಂದು ಅಮುದಾ ಕೇಳಿದಳು. ಆತ ನಾಲ್ಕು ಸಾಲು ಬರೆದ, ಅಳಿಸಿದ, ಮತ್ತೆ ಎರಡು ಸಾಲು ಬರೆದ, ನೀರು ಕುಡಿಯಲು ಹೊರಗೆ ಹೋದವನು ವಾಪಸು ಬರಲಿಲ್ಲ. ಮಕ್ಕಳು ಎದ್ದು ಹೋಗಲಿಲ್ಲ. ಬಾಗಿಲು ತೆರೆದೇ ಇಟ್ಟು, ಒಬ್ಬರಾದ ಮೇಲೊಬ್ಬರು ಬೋರ್ಡಿನ ಮುಂದೆ ನಿಂತು ತಾವೇ ಬಿಡಿಸಿದರು. ಮರುದಿನವೂ ಹಾಗೇ ಮಾಡಿದರು. ಮೂರನೇ ಪೀರಿಯಡ್ಡಿಗೆ ಆರೋಕ್ಯಮೇರಿ ಮ್ಯಾಡಂ ಬರುವ ತನಕ ಈ ಕ್ಲಾಸನ್ನು ನಾವೇ ನಡೆಸುತ್ತೇವೆ ಎಂದು ಒಂದು ಹಾಳೆಯಲ್ಲಿ ಬರೆದು ರಿಜಿಸ್ಟ್ರಾರಿಗೆ ಕೊಟ್ಟೂ ಬಂದರು. ಹಾಳೆಯ ಕೆಳಗೆ ಮೊದಲ ಸಹಿ ಅಮುದಾಳದು.

ಆ ವಾರದ ಕೊನೆಗೆ ಅಮುದಾ ಊರೊಳಗೆ ಮ್ಯಾಡಂ ಬಾಡಿಗೆಗಿದ್ದ ಮನೆಗೆ ಹೋಗಿ ಬಂದಳು. ಮ್ಯಾಡಂ ಬೇಳೆ ಆರಿಸುತ್ತ ಕೂತಿದ್ದರಂತೆ. "ನನಗೋಸ್ಕರ ಜಗಳ ಆಡಬೇಡಿ. ನಾನು ಇನ್ನೆಲ್ಲಾದರೂ ಕಲಿಸ್ತೀನಿ. ನಿಮಗೋಸ್ಕರ ಆಡೋದಿದ್ದರೆ ಆಡಿ," ಎಂದರಂತೆ.

"ನೋಡಿದೆಯಾ, ಅವರೇ ಬೇಡ ಅಂದರು," ಎಂದಳು ಪಂಜವರ್ಣಂ, ಗ್ರೈಂಡರಿಗೆ ಉದ್ದು ಸುರಿಯುತ್ತ.

"ಎರಡನೇ ಮಾತು ಕೇಳಿಸಲಿಲ್ವಾ ನಿನಗೆ?" ಎಂದಳು ಅಮುದಾ, ನೀರು ಹೊಯ್ಯುತ್ತ.

ಎರಡನೇ ವಾರ ರಿಜಿಸ್ಟ್ರಾರ್ ಕರುಪ್ಪಯ್ಯನನ್ನು ಬಾಗಿಲು ಹಾಕಿಸಿ ಮಾತಾಡಿಸಿದರು. ಅವರು ಗದರುವವರಲ್ಲ. ಮೆಲ್ಲಗೆ ಮಾತಾಡಿದರೇ ಕರುಪ್ಪಯ್ಯನಿಗೆ ಹೆಚ್ಚು ಭಯ.

"ನೌಕರರ ಮಕ್ಕಳಿಗೆ ಅಂತ ನಿನ್ನ ಮಗಳಿಗೆ ಸೀಟು ಕೊಟ್ಟಿದ್ದೀವಿ. ಇರೋಕೆ ಮನೆ ಕೊಟ್ಟಿದ್ದೀವಿ. ಮಗನಿಗೆ ಬಸ್ಸು ಕೊಟ್ಟಿದ್ದೀವಿ. ಅಲ್ವಾ ಕರುಪ್ಪಯ್ಯ?"

"ಹೌದು ಸಾರ್."

"ಆ ಹನ್ನೊಂದು ಜನಕ್ಕೂ ನಾನು ನೋಟೀಸು ಕೊಡಬಹುದು. ನನಗೆ ಇಷ್ಟ ಇಲ್ಲ. ಮುಂದಾಳು ಒಬ್ಬಳು ತಪ್ಪಾಯ್ತು ಅಂದರೆ ಉಳಿದವರು ತಾವೇ ಸುಮ್ಮನಾಗ್ತಾರೆ. ನಿನ್ನ ಮಗಳ ಕೈಲಿ ಒಂದು ಕ್ಷಮಾಪಣೆ ಪತ್ರ ಬರೆಸಿಕೊಂಡು ಬಾ. ಫೈಲಿಗೆ ಅಷ್ಟೇ. ಶುಕ್ರವಾರದ ಒಳಗೆ."

ಅದೇ ದಿನ ಮಧ್ಯಾಹ್ನ ಮುನಿಯಾಂಡಿಯ ಬಸ್ಸಿನ ಕೀಲಿ ಇನ್ನೊಬ್ಬನ ಕೈಗೆ ಹೋಯಿತು. ಸದ್ಯಕ್ಕೆ ಶೆಡ್ಡಿನಲ್ಲಿ ಕೂತಿರು ಎಂದರು. ಅವನು ಮನೆಗೆ ಬಂದು ಚಪ್ಪಲಿ ಬಿಸಾಡಿದ ಸದ್ದಿಗೆ ಅಜ್ಜಿ ಎದ್ದು ಕೂತಳು.

"ಎಲ್ಲಿ ನಿಮ್ಮ ಮಹಾರಾಣಿ? ಅವಳು ಪಾಠ ಮಾಡೋಕೆ ನಾನು ಶೆಡ್ಡಲ್ಲಿ ನೊಣ ಹೊಡೀಬೇಕಾ?"

ಅಮುದಾ ಹಿತ್ತಿಲಲ್ಲಿ ಗ್ರೈಂಡರಿನ ಕಲ್ಲು ತೊಳೆಯುತ್ತಿದ್ದಳು. ಒದ್ದೆ ಕೈಯಲ್ಲೇ ಒಳಗೆ ಬಂದಳು. ಕರುಪ್ಪಯ್ಯ ರಿಜಿಸ್ಟ್ರಾರ್ ಹೇಳಿದ್ದನ್ನು ಹೇಳಿದ.

"ಬರೆಯೋದಿಲ್ಲ," ಎಂದಳು.

"ನಾಲ್ಕು ಸಾಲು ಕಣಮ್ಮ. ಫೈಲಲ್ಲಿ ಬಿದ್ದಿರುತ್ತೆ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ. ಏನು ತಪ್ಪು ಮಾಡಿದೆ ಅಂತ ಬರೀಲಿ? ಕ್ಲಾಸಿನ ಹೊತ್ತಲ್ಲಿ ಕ್ಲಾಸಲ್ಲಿ ಕೂತಿದ್ದೆ, ಕ್ಷಮಿಸಿ ಅಂತಲಾ?"

"ಕೊಬ್ಬು," ಎಂದ ಮುನಿಯಾಂಡಿ. "ಅಪ್ಪ ಇಪ್ಪತ್ತು ವರ್ಷ ತಲೆ ಬಗ್ಗಿಸಿದ್ದಕ್ಕೆ ನಿನಗೆ ತಲೆ ಎತ್ತೋಕೆ ಬಂತು."

"ಅದಕ್ಕೇ ಎತ್ತಿದೀನಿ. ಎಲ್ಲರೂ ಬಗ್ಗಿಸಿದರೆ ಮನೇಲಿ ಯಾರಿಗೆ ಏನು ಕಾಣುತ್ತೆ?"

ಪಂಜವರ್ಣಂ ಸೌಟು ತೆಗೆದುಕೊಂಡು ಬಂದು ಮಗಳ ಮುಂದೆ ನಿಂತಳು. "ಬಾಯಿ ಮುಚ್ಚು. ಈ ಮನೆ ಬಿಡಿಸಿದರೆ ಎಲ್ಲಿಗೆ ಹೋಗೋದು? ಅಪ್ಪತ್ತಾನ ಎಲ್ಲಿ ಮಲಗಿಸ್ತೀಯ, ನಿನ್ನ ಬೋರ್ಡಿನ ಮೇಲಾ?"

"ನನ್ನ ವಿಷಯ ತರಬೇಡ," ಎಂದಳು ಮುದುಕಿ ಮೂಲೆಯಿಂದ. "ನಾನು ಬೇವಿನ ಮರದ ಕೆಳಗೆ ಮಲಗಿ ಬೆಳೆದವಳು."

ಆಮೇಲಿನ ಮೂರು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಸುದ್ದಿ ಕ್ವಾರ್ಟರ್ಸಿಗೆಲ್ಲ ಹಬ್ಬಿತ್ತು. ದಿನಾ ಎರಡು ಡಬ್ಬ ಹಿಟ್ಟು ಕೊಳ್ಳುತ್ತಿದ್ದ ಕ್ಯಾಷಿಯರ್ ಹೆಂಡತಿ, ಇವತ್ತು ಬೇಡ, ನಾಳೆಯೂ ಬೇಡ ಎಂದಳು. ಉಳಿದವರೂ ಅದನ್ನೇ ಹೇಳಿದರು. ಮಿಕ್ಕ ಹಿಟ್ಟು ಹುಳಿಯಾಯಿತು. ಪಂಜವರ್ಣಂ ಅದಕ್ಕೆ ಈರುಳ್ಳಿ ಹೆಚ್ಚಿ ಹಾಕಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ದೋಸೆ ಹೊಯ್ದಳು. ಯಾರೂ ಬೇರೇನು ಇದೆ ಎಂದು ಕೇಳಲಿಲ್ಲ. ಅಮುದಾ ಎಂದಿನಂತೆ ಐದಕ್ಕೆ ಎದ್ದು ನೀರು ಹಿಡಿದಳು, ಅಂಗಳ ಗುಡಿಸಿ ರಂಗೋಲಿ ಇಟ್ಟಳು, ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕಿದಳು, ದೋಸೆ ತಿಂದು ಕ್ಲಾಸಿಗೆ ಹೋದಳು. ಜಗಳ ಆಡಿದ್ದರೆ ಕರುಪ್ಪಯ್ಯನಿಗೆ ಸುಲಭವಿತ್ತು. ಅವಳು ಕೆಲಸವನ್ನೆಲ್ಲ ಮಾಡಿ, ಪತ್ರ ಮಾತ್ರ ಬರೆಯದೆ ಇದ್ದಳು.

ಶುಕ್ರವಾರ ಬೆಳಿಗ್ಗೆ ಅವಳು ಹೋದ ಮೇಲೆ ಕರುಪ್ಪಯ್ಯ ಅವಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಕಿತ್ತ. ಎಂಟನೇ ಕ್ಲಾಸಿನ ತನಕ ಓದಿದವನಿಗೆ ತಮಿಳಿನಲ್ಲಿ ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು. ನಾನು ಮಾಡಿದ್ದು ತಪ್ಪು, ಇನ್ನು ಹೀಗೆ ಮಾಡುವುದಿಲ್ಲ, ಮನ್ನಿಸಬೇಕು. ಕೆಳಗೆ, ಅವಳ ಹಳೆಯ ಅರ್ಜಿಯೊಂದನ್ನು ಎದುರಿಗಿಟ್ಟುಕೊಂಡು, ಅಮುದಾ ಎಂದು ಸಹಿ ಹಾಕಿದ. ರಿಜಿಸ್ಟ್ರಾರ್ ಅದನ್ನು ಓದಿ, ತಲೆಯಾಡಿಸಿ, "ಒಳ್ಳೇದಾಯ್ತು," ಎಂದರು. ಕರುಪ್ಪಯ್ಯ ಹೊರಗೆ ಬಂದು ಎರಡು ಲೋಟ ನೀರು ಕುಡಿದ.

ಫೈಲಿಗೆ ಎಂದಿದ್ದ ಕಾಗದ ಮಧ್ಯಾಹ್ನದ ಹೊತ್ತಿಗೆ ನೋಟೀಸ್ ಬೋರ್ಡಿನ ಮೇಲಿತ್ತು.

ಅಂದು ಸಂಜೆ ಅಮುದಾ ಮನೆಗೆ ಬಂದಾಗ ಎಲ್ಲರೂ ಇದ್ದರು. ಅವಳು ಅಳುತ್ತಿರಲಿಲ್ಲ. ಅಪ್ಪನ ಎದುರು ನೆಲದ ಮೇಲೆ ಕೂತಳು.

"ಮಧ್ಯಾಹ್ನದ ಮೇಲೆ ಏಳು ಜನ ನನ್ನ ಹತ್ತಿರ ಮಾತಾಡಲಿಲ್ಲ. ಉಳಿದ ಮೂವರು 'ನಮ್ಮನ್ನ ಕೂರಿಸಿ ನೀನು ಎದ್ದು ಹೋದೆಯಾ' ಅಂದರು. ನಾನು ಬರೆದಿಲ್ಲ ಅಂದರೆ ಯಾರೂ ನಂಬಲಿಲ್ಲ."

ಅವಳು ಚೀಲವನ್ನು ಭುಜದಿಂದ ಇಳಿಸಿ ಪಕ್ಕಕ್ಕಿಟ್ಟಳು.

"ಮನ್ನಿಪ್ಪು ಅನ್ನೋದಕ್ಕೆ ಎರಡು ಸುಳಿ ನ. ನೀನು ಮೂರು ಸುಳಿ ಣ ಹಾಕಿದೀಯ, ಮಣ್ಣಿಪ್ಪು ಅಂತ. ಯಾವಾಗಲೂ ಹಂಗೇ ಬರೆಯೋದು ನೀನು. ನನ್ನ ಹೆಸರಲ್ಲಿ ಕ್ಷಮೆ ಕೇಳೋಕೆ ಹೋಗಿ ಮಣ್ಣು ಕೇಳಿದೀಯ ಅಪ್ಪ."

ಪಂಜವರ್ಣಂ ಒಲೆಯ ಮುಂದಿನಿಂದ ಎದ್ದಳು. "ಏನ್ರೀ, ನೀವು ಬರೆದಿರಾ?"

"ಈ ಮನೆ ಉಳಿಸೋಕೆ ಬರೆದೆ."

"ನಾನೂ ಅವಳನ್ನ ಬೈದೆ. ಬೇಕಾದರೆ ನಾಲ್ಕು ಬಾರಿಸ್ತೀನಿ, ಹೆತ್ತವಳು ನಾನು. ಅವಳ ಹೆಸರು ಕದಿಯೋಕೆ ನಿಮಗೆ ಹೇಳಿದವರು ಯಾರು?"

"ನೀನೇ ತಾನೆ ಎಲ್ಲಿಗೆ ಹೋಗೋದು ಎಲ್ಲಿಗೆ ಹೋಗೋದು ಅಂತ ಕೂಗ್ತಿದ್ದದ್ದು?"

"ಕೂಗಿದೆ. ಕೂಗೋದಕ್ಕೂ ಕಳ್ಳ ಸಹಿ ಹಾಕೋದಕ್ಕೂ ವ್ಯತ್ಯಾಸ ಇಲ್ವಾ?"

"ನಾಳೆ ಹೋಗಿ ಅದು ನನ್ನ ಸಹಿ ಅಲ್ಲ ಅಂತೀನಿ," ಎಂದಳು ಅಮುದಾ.

"ಹೇಳು, ಹೇಳು," ಎಂದ ಮುನಿಯಾಂಡಿ. "ಆಮೇಲೆ ಯಾರದು ಅಂತ ಕೇಳ್ತಾರೆ. ಅಪ್ಪನ್ನ ಪೊಲೀಸಿಗೆ ಕೊಡ್ತಾರೆ. ನೀನು ಬೋರ್ಡ್ ಮೇಲೆ ಲೆಕ್ಕ ಮಾಡ್ತಾ ಇರು."

ವೆಳ್ಳೈಯಮ್ಮಾಳ್ ಮಗನನ್ನೇ ನೋಡುತ್ತಿದ್ದಳು.

"ಲೇ ಕರುಪ್ಪಾ, ನಿನ್ನಪ್ಪ ಜಮೀನ್ದಾರನ ಮುಂದೆ ಹೆಬ್ಬೆಟ್ಟು ಒತ್ತಿದವನು. ಓದೋಕೆ ಬರ್ತಿರಲಿಲ್ಲ, ಒತ್ತು ಅಂದ ಕಡೆ ಒತ್ತಿದ. ಆದರೆ ತನ್ನ ಹೆಬ್ಬೆಟ್ಟೇ ಒತ್ತಿದ ಕಣೋ. ಮಗನ ಹೆಬ್ಬೆಟ್ಟು ಹಿಡಿದು ಒತ್ತಲಿಲ್ಲ."

ಯಾರೂ ಸರಿಯಾಗಿ ಉಣ್ಣಲಿಲ್ಲ. ರಸಂ ಪಾತ್ರೆಯಲ್ಲೇ ಆರಿತು.

ಶನಿವಾರ ಬೆಳಿಗ್ಗೆ ಕರುಪ್ಪಯ್ಯ ಕಚೇರಿ ಗುಡಿಸಿ ಹೊರಬಂದಾಗ ನೋಟೀಸ್ ಬೋರ್ಡಿನ ಮುಂದೆ ಗುಂಪಿತ್ತು. ಅವನು ಬರೆದ ಕಾಗದದ ಪಕ್ಕದಲ್ಲಿ ಇನ್ನೊಂದು ಹಾಳೆ ಅಂಟಿಸಲಾಗಿತ್ತು. ದಪ್ಪ ಅಕ್ಷರದಲ್ಲಿ ಒಂದೇ ಸಾಲು: ನಾನು ಕ್ಷಮೆ ಕೇಳಿಲ್ಲ. ಕೆಳಗೆ ಅಮುದಾಳ ಸಹಿ, ಕ್ಲಾಸು, ನಂಬರು. ಯಾರು ಕೇಳಿದರು, ಯಾರು ಬರೆದರು ಎಂಬ ಮಾತೇ ಅದರಲ್ಲಿರಲಿಲ್ಲ. ಎರಡು ಸಹಿಗಳೂ ಅಕ್ಕಪಕ್ಕದಲ್ಲಿದ್ದವು, ಬೇರೆ ಬೇರೆ ಕೈಯವು ಎಂಬುದು ಕುರುಡನಿಗೂ ತಿಳಿಯುವಂತಿತ್ತು.

ಹನ್ನೊಂದು ಗಂಟೆಗೆ ಅವನು ಚಹಾ ತಟ್ಟೆ ಹಿಡಿದು ರಿಜಿಸ್ಟ್ರಾರ್ ಕೋಣೆಗೆ ಹೋದಾಗ ಅಮುದಾ ಮೇಜಿನ ಮುಂದೆ ನಿಂತಿದ್ದಳು. ಎರಡು ಹಾಳೆಗಳೂ ಮೇಜಿನ ಮೇಲಿದ್ದವು. ಇಬ್ಬರು ಪ್ರೊಫೆಸರುಗಳೂ ಕೂತಿದ್ದರು.

"ಇದು ನಿನ್ನ ಸಹಿ ಅಲ್ಲ ಅಂತೀಯ," ಎಂದರು ರಿಜಿಸ್ಟ್ರಾರ್.

"ನನ್ನದಲ್ಲ ಸಾರ್."

"ಹಾಗಾದರೆ ಯಾರದು?"

"ಅದು ನಾನು ಹೇಳೋದಿಲ್ಲ."

"ಗೊತ್ತಿಲ್ವೋ, ಹೇಳೋದಿಲ್ವೋ?"

"ಹೇಳೋದಿಲ್ಲ."

"ಕಚೇರಿಗೆ ಸುಳ್ಳು ದಾಖಲೆ ಕೊಡೋದು ಸಣ್ಣ ವಿಷಯ ಅಲ್ಲಮ್ಮ. ನೀನೇ ಬರೆದು, ಈಗ ಹುಡುಗರಿಗೆ ಹೆದರಿ ಅಲ್ಲ ಅಂತಿದೀಯ. ಅಲ್ವಾ? ಇದಕ್ಕೇ ನಿನ್ನನ್ನ ಪರೀಕ್ಷೆಗೆ ಕೂರಿಸದೆ ಇರಬಹುದು, ಗೊತ್ತಾ?"

ಅಮುದಾ ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ರಿಜಿಸ್ಟ್ರಾರಿಗೆ ಎಲ್ಲ ಗೊತ್ತಿತ್ತು, ಕಾಗದ ತಂದುಕೊಟ್ಟವನು ಎದುರಿಗೇ ನಿಂತಿದ್ದ. ಆದರೂ ಅವನನ್ನು ಕೇಳಲಿಲ್ಲ. ತನ್ನ ಆಳು ಸುಮ್ಮನಿರುತ್ತಾನೆ ಎಂಬ ಧೈರ್ಯ ಅವರಿಗಿತ್ತು. ಕರುಪ್ಪಯ್ಯನಿಗೂ ತನ್ನ ಬಗ್ಗೆ ಇದ್ದದ್ದು ಅದೇ ಅಭಿಪ್ರಾಯ.

ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟ.

"ಅದು ನಂದು ಸಾರ್," ಎಂದ.

"ನೀನು ಹೊರಗಿರು ಕರುಪ್ಪಯ್ಯ."

"ನಾನೇ ಬರೆದೆ, ನಾನೇ ಸಹಿ ಹಾಕಿದೆ. ಶುಕ್ರವಾರದ ಒಳಗೆ ತಂದುಕೊಡು ಅಂದಿರಿ. ಅವಳು ಕೊಡಲಿಲ್ಲ. ಹೆದರಿಕೆ ಆಯ್ತು, ಬರೆದೆ. ಅವಳಿಗೆ ಗೊತ್ತೂ ಇರಲಿಲ್ಲ."

ಪ್ರೊಫೆಸರುಗಳಲ್ಲಿ ಒಬ್ಬರು ಚಹಾ ಲೋಟಕ್ಕೆ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡರು.

"ಏನು ಹೇಳ್ತಿದೀಯ ಅಂತ ಗೊತ್ತಿದೆಯಾ ನಿನಗೆ?" ರಿಜಿಸ್ಟ್ರಾರ್ ದನಿ ಇನ್ನೂ ಮೆಲ್ಲಗಾಗಿತ್ತು.

"ಗೊತ್ತಿದೆ ಸಾರ್. ಆ ಕಾಗದದಲ್ಲಿ ಅಕ್ಷರವೂ ತಪ್ಪು, ವಿಷಯವೂ ತಪ್ಪು. ನನ್ನನ್ನ ಏನು ಮಾಡ್ತೀರೋ ಮಾಡಿ. ಅವಳನ್ನ ಪರೀಕ್ಷೆಗೆ ಕೂರಿಸಿ."

ಮಾತು ನಡುಗಲಿಲ್ಲ, ಅದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಹೊರಗೆ ಬಂದರೆ ಉಳಿದ ಹತ್ತು ಮಂದಿಯೂ ವರಾಂಡದಲ್ಲಿ ನಿಂತಿದ್ದರು. ಕಿಟಕಿ ತೆರೆದೇ ಇತ್ತು, ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು. ಹಿಂದಿನ ಬೆಂಚಿನ ಹುಡುಗ, ಅಮುದಾಳ ಜತೆ ಸದಾ ವಾದಿಸುವವನು, ಚೀಲದಿಂದ ಹೊಸ ಹಾಳೆ ತೆಗೆದ. ನಾವೂ ಕ್ಷಮೆ ಕೇಳುವುದಿಲ್ಲ ಎಂದು ಬರೆದು ಸಹಿ ಹಾಕಿದ. ಹಾಳೆ ಕೈಯಿಂದ ಕೈಗೆ ಹೋಯಿತು. ಹತ್ತು ಸಹಿ ಬಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇತಿಹಾಸದವರು, ತಮಿಳಿನವರು ಬಂದು ಹಾಕಿದರು. ಸಂಜೆಯ ಹೊತ್ತಿಗೆ ಹಾಳೆಯ ಹಿಂಬದಿಯೂ ತುಂಬಿತ್ತು. ಆರುನೂರು ಮಕ್ಕಳ ಜಾಗದಲ್ಲಿ ಇನ್ನೂರು ಸಹಿ ಎಂದರೆ, ಯಾರಿಗೆ ನೋಟೀಸು ಕೊಡುವುದು ಯಾರಿಗೆ ಬಿಡುವುದು ಎಂದು ಕಚೇರಿಗೇ ತಿಳಿಯದೆ ಹೋಯಿತು.

ಅಮುದಾಳಿಗಾಗಲಿ ಉಳಿದವರಿಗಾಗಲಿ ನೋಟೀಸು ಬರಲಿಲ್ಲ. ಬಂದದ್ದು ಕರುಪ್ಪಯ್ಯನಿಗೆ. ಒಂದು ತಿಂಗಳು ಅಮಾನತು, ಆಮೇಲೆ ಕೆರೆಯ ಆಚೆಗಿದ್ದ ಪಂಪ್‌ಹೌಸಿಗೆ ವರ್ಗ, ಹದಿನೈದು ದಿನದಲ್ಲಿ ಕ್ವಾರ್ಟರ್ಸ್ ಖಾಲಿ. ಆರೋಕ್ಯಮೇರಿ ಮ್ಯಾಡಂ ಅವರನ್ನು ವಾಪಸು ಕರೆಯಲಿಲ್ಲ, ಆದರೆ ನೋಟ್ಸ್ ಬರೆಸುತ್ತಿದ್ದ ಹುಡುಗನನ್ನೂ ಉಳಿಸಿಕೊಳ್ಳಲಿಲ್ಲ. ತನಗೆ ಈ ಪಾಠ ಆಗುವುದಿಲ್ಲ ಎಂದು ಆತನೇ ಬರೆದುಕೊಟ್ಟಿದ್ದನಂತೆ. ದೇವಕೋಟೆಯಿಂದ ನಿವೃತ್ತ ಮೇಷ್ಟರೊಬ್ಬರನ್ನು ಕರೆತಂದರು. ಮುದುಕರು, ಕಿವಿ ಮಂದ, ಲೆಕ್ಕ ಮಾತ್ರ ಚೂಪು. ಮುನಿಯಾಂಡಿ ಶೆಡ್ಡಿನಲ್ಲಿ ಎರಡು ವಾರ ಕೂತು, ಮೂರನೇ ವಾರ ತಾನೇ ರಾಜೀನಾಮೆ ಕೊಟ್ಟು ಕಾರೈಕುಡಿಯ ಒಂದು ಲಾರಿ ಕಂಪನಿಗೆ ಸೇರಿದ. ಕೊಟ್ಟ ದಿನ ಮನೆಗೆ ಬಂದು, "ನಿಮ್ಮ ಬಸ್ಸು ನೀವೇ ತಳ್ಕೊಳ್ಳಿ ಅಂದುಬಂದೆ," ಎಂದ. ಹಾಗೆ ಅಂದನೋ ಇಲ್ಲವೋ ಯಾರೂ ವಿಚಾರಿಸಲಿಲ್ಲ.

ಸಾಮಾನು ಸಾಗಿಸುವ ದಿನ ಪಂಜವರ್ಣಂ ಗ್ರೈಂಡರನ್ನು ತಾನೇ ಗಾಡಿಗೆ ಹತ್ತಿಸಿದಳು. ಕ್ಯಾಷಿಯರ್ ಹೆಂಡತಿ ಬಾಗಿಲಲ್ಲಿ ನಿಂತು, "ಎಲ್ಲಿ ಮನೆ ಸಿಕ್ತು ಪಂಜವರ್ಣಂ? ಹಿಟ್ಟು ಬೇಕಾದರೆ ಎಲ್ಲಿಗೆ ಬರೋದು?" ಎಂದು ಕೇಳಿದಳು.

"ಬಸ್ ಸ್ಟ್ಯಾಂಡ್ ಹಿಂದೆ. ಬನ್ನಿ. ಅಲ್ಲಿ ಗಿರಾಕಿ ಜಾಸ್ತಿ, ನಿಂತು ತಗೋಬೇಕಾಗುತ್ತೆ," ಎಂದಳು ಪಂಜವರ್ಣಂ.

ಹೊಸ ಮನೆ ಎರಡೇ ಕೋಣೆಯದು, ತಗಡಿನ ಮಾಡು. ಮುಂದೆ ಒಂದು ಜಗಲಿ ಇತ್ತು. ದಿಂಡಿಗಲ್ಲಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ ಊರು ಬಿಡುವ ತನಕ ಮ್ಯಾಡಂ ಆರು ಭಾನುವಾರ ಆ ಜಗಲಿಯ ಮೇಲೆ ಹನ್ನೊಂದು ಮಂದಿಗೂ ಕಲಿಸಿದರು. ಪಂಜವರ್ಣಂ ಇಡ್ಲಿ ಬೇಯಿಸಿ ಹಾಕಿದಳು, ಇಡ್ಲಿಗಿಂತ ಹೆಚ್ಚು ಬೈಗಳನ್ನೂ. "ಲೆಕ್ಕ ತಪ್ಪಿದವರಿಗೆ ಚಟ್ನಿ ಇಲ್ಲ," ಎಂದು ವೆಳ್ಳೈಯಮ್ಮಾಳ್ ಕಾನೂನು ಮಾಡಿದಳು. ಅಮಾನತು ಮುಗಿದ ಮೇಲೆ ಕರುಪ್ಪಯ್ಯ ಆ ಹೊತ್ತಿಗೆ ಪಂಪ್‌ಹೌಸಿಗೆ ಹೋಗಿರುತ್ತಿದ್ದ.

ಅಮುದಾ ಅವನೊಂದಿಗೆ ಮಾತು ಬಿಟ್ಟಿರಲಿಲ್ಲ, ಹಾಗೆಂದು ಮೊದಲಿನಂತೆಯೂ ಇರಲಿಲ್ಲ. ಒಂದು ದಿನ ಊಟ ಬಡಿಸುವಾಗ ಅವನೇ ಕೇಳಿದ, "ಇನ್ನೂ ಕೋಪ ಇದೆಯಾ ನನ್ನ ಮೇಲೆ?"

"ಇದೆ."

"ನಾನೇ ಅಂತ ಅಲ್ಲಿ ಒಪ್ಪಿಕೊಂಡೆನಲ್ಲ."

"ಅದಕ್ಕೆ ಕೋಪ ಇಲ್ಲ. ಬರೆದದ್ದಕ್ಕೆ ಇದೆ. ಎರಡೂ ಬೇರೆ ಬೇರೆ. ಕೂಡಿಸಿ ಕಳೆಯೋಕೆ ಆಗಲ್ಲ."

"ಸರಿ," ಎಂದ ಕರುಪ್ಪಯ್ಯ. "ಇನ್ನೊಂದು ಸೌಟು ಹಾಕು."

ಅವಳು ಹಾಕಿದಳು.

ಫಲಿತಾಂಶ ಬಂದಾಗ ಹನ್ನೊಂದರಲ್ಲಿ ಒಂಬತ್ತು ಜನ ಪಾಸಾಗಿದ್ದರು. ಅಮುದಾ ಎರಡನೆಯವಳು, ಹಿಂದಿನ ಬೆಂಚಿನವನು ಮೊದಲನೆಯವನು. ಮಾರ್ಕ್ಸ್ ಕಾರ್ಡಿನ ಜತೆ ಕಚೇರಿಯವರು ನಡತೆಯ ಪ್ರಮಾಣಪತ್ರ ಕೊಟ್ಟರು. ಎಲ್ಲರದರಲ್ಲೂ ಉತ್ತಮ ಎಂದಿರುವ ಜಾಗದಲ್ಲಿ ಅವಳದರಲ್ಲಿ ತೃಪ್ತಿಕರವಲ್ಲ ಎಂದಿತ್ತು. ಸಹಿ ರಿಜಿಸ್ಟ್ರಾರರದ್ದು. ಪಂಜವರ್ಣಂ ಅದನ್ನು ಹಿಡಿದು, ಹೋಗಿ ಅವರ ಕಾಲು ಹಿಡಿದಾದರೂ ಬದಲಾಯಿಸಿಕೊಂಡು ಬನ್ನಿ, ಇಲ್ಲದಿದ್ದರೆ ಬಿ.ಎಡ್.ಗೆ ಯಾರು ಸೇರಿಸಿಕೊಳ್ಳುತ್ತಾರೆ ಎಂದಳು.

"ಬೇಡ," ಎಂದರು ಅಪ್ಪ, ಮಗಳು ಇಬ್ಬರೂ ಒಟ್ಟಿಗೆ. ಹಾಗೆ ಒಟ್ಟಿಗೆ ಅಂದದ್ದಕ್ಕೆ ಇಬ್ಬರಿಗೂ ಸ್ವಲ್ಪ ಇರಿಸುಮುರಿಸಾಯಿತು.

ಮಧುರೆಯ ಬಿ.ಎಡ್. ಕಾಲೇಜಿಗೆ ಕರುಪ್ಪಯ್ಯ ಮಗಳ ಜತೆ ಹೋದ. ಮೊದಲನೇ ಬಸ್ಸು ಹಿಡಿದು, ದಾರಿಯಲ್ಲಿ ಪಂಜವರ್ಣಂ ಕಟ್ಟಿಕೊಟ್ಟಿದ್ದ ಹುಳಿ ಅನ್ನ ತಿಂದು, ಹತ್ತು ಗಂಟೆಗೆ ಸಾಲಿನಲ್ಲಿ ನಿಂತರು. ಪ್ರಿನ್ಸಿಪಾಲರು ವಯಸ್ಸಾದ ಹೆಂಗಸು. ಕಾಗದಗಳನ್ನು ಒಂದೊಂದಾಗಿ ತಿರುವಿದರು. ಆ ಪ್ರಮಾಣಪತ್ರದ ಹತ್ತಿರ ಬಂದಾಗ ಕೈ ನಿಂತಿತು.

"ಮಾರ್ಕ್ಸ್ ಚೆನ್ನಾಗಿದೆ. ಇದೇನಮ್ಮ ಇದು? ಹೀಗೆ ಬರೆದುಕೊಟ್ಟದ್ದನ್ನ ನಾನು ನೋಡೇ ಇಲ್ಲ. ಏನು ಮಾಡಿದೆ ನೀನು?"

ಅಮುದಾ ಬಾಯಿ ತೆರೆಯುವಷ್ಟರಲ್ಲಿ ಹಿಂದೆ ನಿಂತಿದ್ದ ಕರುಪ್ಪಯ್ಯ ಒಂದು ಹೆಜ್ಜೆ ಮುಂದೆ ಬಂದ.

"ಪಾಠ ಕೇಳಿದಳು ಮ್ಯಾಡಂ."

"ಪಾಠ ಎಲ್ಲರೂ ಕೇಳ್ತಾರಲ್ಲಪ್ಪ."

"ಇಲ್ಲ ಮ್ಯಾಡಂ. ಹೇಳಿಕೊಡೋರನ್ನ ಕಳಿಸಿಬಿಟ್ಟಿದ್ದರು. ನಮಗೆ ಪಾಠ ಬೇಕು ಅಂತ ಕೇಳಿದಳು. ಬೇಡ ಸುಮ್ಮನಿರು ಅಂದರು, ಮತ್ತೆ ಕೇಳಿದಳು. ನಾನೂ ಸುಮ್ಮನಿರು ಅಂದೆ. ಆಗಲೂ ಕೇಳಿದಳು. ಅಷ್ಟೇ ಅವಳು ಮಾಡಿದ್ದು."

ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ಅವನನ್ನು ನೋಡಿದರು, ಆಮೇಲೆ ಅವಳನ್ನು. ಪ್ರಮಾಣಪತ್ರವನ್ನು ಉಳಿದ ಕಾಗದಗಳ ಕೆಳಗೆ ಸೇರಿಸಿ, ಅರ್ಜಿಯ ಮೂಲೆಯಲ್ಲಿ ಏನೋ ಬರೆದು ಸಹಿ ಹಾಕಿದರು.

"ಇಬ್ಬರೂ ಕೂತ್ಕೊಳ್ಳಿ," ಎಂದರು. "ಪೂರ್ತಿ ಹೇಳಿ, ಮೊದಲಿಂದ."

ಕರುಪ್ಪಯ್ಯ ಕುರ್ಚಿ ಎಳೆದುಕೊಂಡು ಕೂತ.